ದಾನಮ್ಮ ಚೀರುವ ನುಡಿ

ರನ್ನ ಬೆಳಗಲಿಯ ಗೀಗೀ ಪದದ ಅನಸವ್ವನವರಿಗೆ,

ನಮಸ್ಕಾರ. ಕೊಲೆಗಳನ್ನು ಜನ ಹೇಗೆ ಹಾಡಾಗಿ ಕಟ್ಟುತ್ತಾರೆಂದು ಸಂಶೋಧನೆ ಮಾಡುವ ಜಮಖಂಡಿಯ ಪ್ರಾಧ್ಯಾಪಕಿ ನಾನು. ನೀವು ಹಾಡಿಕೊಟ್ಟ ‘ಬನಹಟ್ಟಿ ದಾನಮ್ಮನ ಕೊಲೆ’ ಪದದ ರೆಕಾರ್ಡಿಂಗ್ ಚೆನ್ನಾಗಿ ಬಂದಿದೆ. ನನ್ನ ಪುಸ್ತಕದಲ್ಲಿ ಅದರ ಒಂದಕ್ಷರವನ್ನೂ ತಿದ್ದುವುದಿಲ್ಲ.

ದಾನಮ್ಮ ಚೀರುವ ನುಡಿಯನ್ನು ಜನ ಕೇಳಿದಷ್ಟು ಸಲ ಹಾಡುವುದು ನಿಮ್ಮ ರೂಢಿ. “ಆ ನುಡಿ ಬಿಟ್ರ ಮಂದಿ ಎದ್ದ ಹೋಗ್ತಾರ್ರಿ ಅಕ್ಕೋರ” ಎಂದಿರಿ. ಬಿಡಬೇಡಿ. ಬನಹಟ್ಟಿಯಲ್ಲಿ ಮಾತ್ರ ಒಂದೇ ಸಲ ಹಾಡಿರಿ. ದಾನಮ್ಮನ ತಾಯಿ ಈಗಲೂ ಅಲ್ಲಿದ್ದಾರೆ.

ಪುಸ್ತಕದಲ್ಲಿ ಬರೆಯದ ಮಾತೊಂದು ನಿಮಗಷ್ಟೇ: ಅವ್ವ ಚೀರಲಿಲ್ಲ. ಮಗ್ಗದ ಹಿಂದೆ ಮಲಗಿದ್ದ ನಾನು ಎಚ್ಚರಾಗಬಾರದೆಂದು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ನನಗೆ ಎಚ್ಚರವಾಗಿತ್ತು.

ಇಂತಿ,
ನಂದಾ