ಎಷ್ಟಿದೀವಿ, ಮೀಟರಮ್ಮ?

ಅಪ್ಪಾ,

ನೀನು ಅಂಗಡಿ ಮುಚ್ಚಿ ಬರುವಷ್ಟರಲ್ಲಿ ಇದನ್ನು ಬರೆದು ಮುಗಿಸಬೇಕು. ಕೂತಲ್ಲಿ ಕೂರಲಾಗುತ್ತಿಲ್ಲ. ಎರಡು ಸಾಲು ಬರೆಯುವುದು, ಎದ್ದು ಹೋಗಿ ಶೆಡ್ಡಿನಲ್ಲಿರುವ ಕಾರನ್ನು ನೋಡಿ ಬರುವುದು. ಅದೇನು ಕಾಲು ಬಂದು ಓಡಿಹೋಗುತ್ತದೆಯೇ?

ನಾಳೆ ಸಂಜೆ ನೀನು ನನ್ನನ್ನು ಪಾಠ ಹೇಳುವ ಕೆಲಸ ಸಿಕ್ಕ ಊರಿಗೆ ಬಿಟ್ಟು, ಕತ್ತಲಲ್ಲಿ ಒಬ್ಬನೇ ವಾಪಸ್ಸು ಬರಬೇಕು. ಡ್ಯಾಶ್‌ಬೋರ್ಡಿನ ದೀಪಗಳು ಸತ್ತು ಎಷ್ಟೋ ವರ್ಷವಾಯಿತು. ಪಕ್ಕದಲ್ಲಿ ಕೂತು ಟಾರ್ಚ್ ಬಿಟ್ಟು ಮೀಟರ್ ಓದುವುದಕ್ಕೆ ನಾನಿರುವುದಿಲ್ಲ. ಅದಕ್ಕೇ ನಿನಗೆ ಹೇಳದೆ ಹೊಸ ಬಲ್ಬು ತಂದೆ.

ಅಮ್ಮ ತೀರಿಕೊಂಡ ವರ್ಷ ನಾನು ಮಾತು ಬಿಟ್ಟಿದ್ದೆನಲ್ಲ. ‘ಬಾಯಿ ಬಿಟ್ರೆ ಮುತ್ತು ಉದುರಿ ಹೋಗುತ್ತಾ?’ ಎಂದು ಚಿಕ್ಕಪ್ಪ ಕೆಣಕುತ್ತಿದ್ದ. ನೀನು ಒಂದು ಮಾತೂ ಕೇಳಲಿಲ್ಲ. ಒಂದು ಸಂಜೆ ಕಾರಿನಲ್ಲಿ ನನ್ನ ಕೈಗೆ ಟಾರ್ಚ್ ಕೊಟ್ಟೆ. ‘ಮೀಟರ್ ದೀಪ ಕೈ ಕೊಡ್ತು ಕಣೇ. ಮುಳ್ಳು ಎಲ್ಲಿದೆ ಅಂತ ಹೇಳ್ತಿರು, ಇಲ್ಲಾಂದ್ರೆ ಇಬ್ರೂ ಹಳ್ಳಕ್ಕೆ ಬೀಳ್ತೀವಿ.’ ಎಷ್ಟೋ ದಿನದ ಮೇಲೆ ನನ್ನ ಬಾಯಿಂದ ಬಂದ ಮೊದಲ ಮಾತು: ‘ನಲವತ್ತು.’

ಆಮೇಲೆ ದಿನಾ ಸಂಜೆ ಅದೇ. ‘ಎಷ್ಟಿದೀವಿ, ಮೀಟರಮ್ಮ?’ ‘ನಲವತ್ತೈದು. ಪೆಟ್ರೋಲು ಅರ್ಧಕ್ಕಿಂತ ಕೆಳಗೆ.’ ಒಂದು ದಿನ ‘ಐವತ್ತು’ ಅಂದವಳು ಅದರ ಬೆನ್ನಿಗೇ ‘ಕ್ಲಾಸಲ್ಲಿ ನನ್ನ ಪಕ್ಕ ಯಾರೂ ಕೂರಲ್ಲ’ ಎಂದುಬಿಟ್ಟೆ. ನೀನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ವೇಗ ಮಾತ್ರ ಕಡಿಮೆ ಮಾಡಿದೆ. ಮನೆ ಮುಟ್ಟುವುದು ತಡವಾಗಲಿ ಅಂತಲೋ ಏನೋ. ಅಂದಿನಿಂದ ನಾನು ನಿನಗೆ ಹೇಳಿದ್ದೆಲ್ಲ ಒಂದು ಅಂಕಿಯ ಬಾಲ ಹಿಡಿದೇ ಬಂದದ್ದು.

ಇವತ್ತು ಮಧ್ಯಾಹ್ನ ಮೀಟರಿನ ಸುತ್ತಲ ತಿರುಪು ಬಿಚ್ಚಿ, ಹಿಂದಿನ ಕೇಬಲ್ ಕಳಚಿ, ಬಲ್ಬುಗಳನ್ನು ಒಂದೊಂದಾಗಿ ತಿರುಗಿಸಿ ತೆಗೆದೆ. ಕೈತುಂಬ ಗೀರು. ಹೊಸದು ಹಾಕಿ ಸ್ವಿಚ್ ಒತ್ತಿದರೆ ಮೀಟರು ಕತ್ತಲೋ ಕತ್ತಲು. ಅಷ್ಟರಲ್ಲಿ ಚಿಕ್ಕಪ್ಪ ಬಾಗಿಲಲ್ಲಿ ನಿಂತ.

‘ಕವಿತೆ ಓದೋ ಕೈಗೆ ಸ್ಕ್ರೂಡ್ರೈವರ್ ಬಂತಾ! ಮುಗೀತು, ನಾಳೆ ನಿಮ್ಮಪ್ಪ ಕಾರು ತಳ್ಕೊಂಡು ಬರ್ತಾನೆ.’ ಬಗ್ಗಿ ನೋಡಿದ. ‘ಇದನ್ಯಾಕೆ ಬಿಚ್ಚಿದೆ? ಮೊನ್ನೆ ರಾತ್ರಿ ನಿಮ್ಮಪ್ಪ ನನ್ನನ್ನ ಬಸ್ ಸ್ಟ್ಯಾಂಡಿಂದ ಕರ್ಕೊಂಡು ಬಂದಾಗ ಚೆನ್ನಾಗೇ ಉರೀತಿತ್ತಲ್ಲೇ!’

ಸ್ಟೀರಿಂಗ್ ಎಡಕ್ಕೆ ಒಂದು ಪುಟ್ಟ ಗಾಲಿ ಇದೆಯಲ್ಲ, ಮೀಟರ್ ದೀಪದ ಬೆಳಕು ಏರಿಸಿ ಇಳಿಸುವುದು. ಡ್ಯಾಶ್‌ಬೋರ್ಡಿಗೆಲ್ಲ ಧೂಳು, ಅದೊಂದು ಮಾತ್ರ ಹೆಬ್ಬೆರಳು ಸವರಿ ಸವರಿ ಮಿರಮಿರ ಮಿಂಚುತ್ತಿತ್ತು. ತಿರುಗಿಸಿದೆ. ಇಡೀ ಮೀಟರು ಹಳದಿಯಾಗಿ ಬೆಳಗಿತು. ಹಳೆಯ ಬಲ್ಬುಗಳನ್ನೇ ಮತ್ತೆ ಹಾಕಿ ನೋಡಿದೆ. ಅವೂ ಉರಿದವು, ಎಲ್ಲವೂ.

ಆಗಿನಿಂದ ಶೆಡ್ಡಿಗೂ ಮೇಜಿಗೂ ಓಡಾಡುತ್ತಿದ್ದೇನೆ. ದೀಪ ಎಂದಾದರೂ ನಿಜವಾಗಿ ಕೆಟ್ಟಿತ್ತಾ? ನಾನು ಬಾಗಿಲು ತೆಗೆಯುವ ಮುಂಚೆ ಪ್ರತಿಸಲ ಆರಿಸುತ್ತಿದ್ದೆಯಾ? ಕೇಳಿದರೆ ‘ಲೂಸ್ ಕಾಂಟ್ಯಾಕ್ಟ್ ಇರ್ಬೇಕು’ ಅಂತೀಯ, ನನಗೆ ಗೊತ್ತು. ಅದಕ್ಕೆ ಕೇಳುವುದಿಲ್ಲ.

ಎಲ್ಲ ಇದ್ದ ಹಾಗೆ ಜೋಡಿಸಿ ಗಾಲಿಯನ್ನು ಹಿಂದಕ್ಕೆ ತಿರುಗಿಸಿಟ್ಟಿದ್ದೇನೆ. ಪತ್ರವನ್ನು ಕಾರಿನ ಡ್ರಾಯರಿನಲ್ಲಿ, ಟಾರ್ಚಿನ ಕೆಳಗೆ ಇಡುತ್ತೇನೆ. ನಾಳೆ ಟಾರ್ಚ್ ತೆಗೆಯುವವಳು ನಾನೇ ಆದ್ದರಿಂದ, ನಾನು ಇಳಿದ ಮೇಲಷ್ಟೇ ಇದು ನಿನಗೆ ಸಿಗುತ್ತದೆ. ಅಷ್ಟರಲ್ಲಿ ದಾರಿಯಲ್ಲಿ ನೀನು ‘ಎಷ್ಟಿದೀವಿ’ ಎಂದು ಕೇಳಿರುತ್ತೀಯ. ನಾನೂ ಅಂಕಿ ಹೇಳಿ, ಅದರ ಬೆನ್ನಿಗೇ ಹೇಳಿರುತ್ತೇನೆ: ಅಷ್ಟು ಜನರ ಮುಂದೆ ನಿಂತು ಬಾಯಿ ತೆರೆಯುವುದಕ್ಕೆ ಭಯವಾಗುತ್ತಿದೆ ಅಪ್ಪಾ, ಅಂತ.

ವಾಪಸ್ಸು ಬರುವಾಗ ದೀಪ ಹಚ್ಚಿಕೊಂಡು ಬಾ. ಮನೆ ಮುಟ್ಟಿದ ಮೇಲೆ ಫೋನ್ ಮಾಡಿ ಎಷ್ಟರಲ್ಲಿ ಓಡಿಸಿದೆ ಅಂತ ಹೇಳು. ಅಂಕಿಯ ಬೆನ್ನಿಗೆ ಬೇರೇನಾದರೂ ಹೇಳಬೇಕು ಅನ್ನಿಸಿದರೆ, ಅದನ್ನೂ ಹೇಳು. ಈ ಕಡೆ ನಾನು ಕೇಳಿಸಿಕೊಳ್ಳುತ್ತಿರುತ್ತೇನೆ.

ಸುಖವಾಗಿ ಮನೆ ಸೇರು.

ನಿನ್ನ
ಮೀಟರಮ್ಮ