ಗೆರೆ ಓದುವ ಪೆನ್ನು

ಹಿರೇಕೆರೂರು,
೬ ಜೂನ್ ೧೯೮೯

ದುಂಡಸಿಯ ತವರಿನಲ್ಲಿ ಬೆಚ್ಚಗೆ ಕುಳಿತಿರುವ ನಮ್ಮ ಸೊಸೆ ಸುಶೀಲವ್ವನಿಗೆ ಮಾವ ಕುಬೇರಪ್ಪ ಮಾಡುವ ಆಶೀರ್ವಾದ.

ನೀನು ಹೇಗಿದ್ದೀ? ಸೊಂಟನೋವು ಕಡಿಮೆಯಾಯಿತೇ? ತಣ್ಣೀರು ಮಾತ್ರ ಮುಟ್ಟಬೇಡ. ಕೂಸಿನ ಮೂಗು ನನ್ನದೇ ಎಂದು ನೋಡಿ ಬಂದವರೆಲ್ಲ ಹೇಳುತ್ತಾರೆ. ಪಾಪ, ಹೆಣ್ಣುಕೂಸು, ದೊಡ್ಡದಾದ ಮೇಲೆ ನನ್ನನ್ನು ಬಯ್ಯದಿದ್ದರೆ ಸಾಕು. ನಾವೆಲ್ಲ ಆರಾಮ. ಬಾಣಂತನ ಮುಗಿದ ಮೇಲೆ ಮತ್ತೆ ನಮ್ಮ ಬೀಜದ ಅಂಗಡಿಗೆ ಬಂದು ಕಂಪ್ಯೂಟರಿನ ಮುಂದೆ ಕೂರಬೇಕೆಂದು ಬರೆದಿದ್ದೆಯಲ್ಲ, ಅದನ್ನು ಕೇಳಿ ನಿನ್ನ ಅತ್ತೆ "ಕೂಸಿನ್ನ ಬಿಟ್ಟು ಎಂಥಾ ಅಂಗಡಿ? ಸುತಾರಾಂ ಬ್ಯಾಡ" ಎಂದು ಪಟ್ಟು ಹಿಡಿದಳು. ಅವಳೆದುರು ನಾನು ಯಾವಾಗ ಬಾಯಿ ಬಿಟ್ಟಿದ್ದೇನೆ, ಹೇಳು.

ಅಷ್ಟರಲ್ಲಿ ನಿನ್ನ ಗಂಡ ಪರಮೇಶಪ್ಪ ಹುಬ್ಬಳ್ಳಿಯಿಂದ ಬಾರ್‌ಕೋಡ್ ರೀಡರ್ ತಂದ. ನೋಡಲು ವಯರು ಕಟ್ಟಿದ ಪೆನ್ನು. ಬೀಜದ ಪಾಕೀಟಿಗೆ ಅಂಟಿಸಿದ ಕಪ್ಪು ಗೆರೆಗಳ ಮೇಲೆ ಎಳೆದರೆ ಸಾಕು, ಮಾಲಿನ ಹೆಸರು, ದರ ತಾವೇ ಬಿಲ್ಲಿಗೆ ಬರುತ್ತವಂತೆ. "ಇನ್ನ ಬಿಲ್ ಮಾಡಾಕ ಸುಶೀಲಾನ ಬೇಕಂತಿಲ್ಲ, ಯಾರರ ಮಾಡ್ತಾರ" ಎಂದ. ಅವನು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು, ಆದರೆ ನಿನ್ನ ಕುರ್ಚಿ ಹೋಯಿತಲ್ಲ ಎಂದು ನನಗೆ ಸಂಕಟವಾಯಿತು.

ನಮ್ಮ ಕಂಪ್ಯೂಟರ್ ದಾವಣಗೆರೆಯ ಗಿರಣಿಯವರು ಬಳಸಿ ಬಿಟ್ಟ ಮುದುಕ, ಹೊಸದನ್ನು ಸುಲಭಕ್ಕೆ ಒಪ್ಪೀತೇ? ನಿನ್ನ ಗಂಡ ಕೀಬೋರ್ಡಿನ ವಯರು ಕಿತ್ತು ರೀಡರಿನ ಡಬ್ಬಿಗೆ ಸಿಕ್ಕಿಸಿ, ಡಬ್ಬಿಯ ವಯರನ್ನು ಕಂಪ್ಯೂಟರಿಗೆ ಕೊಟ್ಟ. ಪರದೆ ತುಂಬ ಅರ್ಥವಿಲ್ಲದ ಅಕ್ಷರಗಳು! ಹುಬ್ಬಳ್ಳಿಗೆ ಫೋನು ಮಾಡಿದರೆ, ಹಳೇ ಮಾದರಿಗೆಂದೇ ಡಬ್ಬಿಯ ಕೆಳಗೊಂದು ಸಣ್ಣ ಸ್ವಿಚ್ಚಿದೆ ಎಂದರು. ಅದನ್ನು ಸರಿಸಿದ್ದೇ ತಡ, "ಪೀಂ" ಎಂದಿತು, ಹತ್ತಿಬೀಜದ ಹೆಸರು ಬಂದೇ ಬಿಟ್ಟಿತು.

ಹೊಸ ಸಾಮಾನನ್ನು ಪೂಜೆಯಿಲ್ಲದೆ ಬಳಸುವುದುಂಟೇ? ನಿನ್ನೆ ನಿನ್ನ ಅತ್ತೆ ವಿಭೂತಿ ಕಲಸಿ ಕಂಪ್ಯೂಟರಿಗೆ ಮೂರು ಬೆರಳು ಎಳೆದು, ಪೆನ್ನಿಗೂ ತುದಿಯ ತನಕ ಭಕ್ತಿಯಿಂದ ಹಚ್ಚಿದಳು. ಕಾಯಿ ಒಡೆದೆವು. ಪೆನ್ನು ಮೂಕವಾಯಿತು. ಬಿತ್ತನೆಯ ಗದ್ದಲ, ಅಂಗಡಿ ತುಂಬ ರೈತರು. ನಿನ್ನ ಗಂಡ ಸ್ವಿಚ್ಚನ್ನು ಅತ್ತ ಇತ್ತ ಮಾಡಿ, ಬೆವರು ಸುರಿಸಿ, ಕೊನೆಗೆ "ಈ ಮುದುಕನ್ನ ಒಗದು ಹೊಸಾದು ತರೂಣು" ಎಂದ. ಆಗ ನಿನ್ನ ಅತ್ತೆ ಪೆನ್ನನ್ನು ಹತ್ತಿರ ಹಿಡಿದು ನೋಡಿ, "ಅಯ್ಯ ಶಿವನ, ಇದರ ಕಣ್ಣಿಗೇ ಹಚ್ಚೇನಲ್ಲೋ" ಎಂದು ಸೆರಗಿನಿಂದ ಒರೆಸಿ, ತಾನೇ ಒಂದು ಪಾಕೀಟಿನ ಮೇಲೆ ಎಳೆದಳು. ಪೀಂ! ಆಮೇಲೆ ಪೆನ್ನನ್ನು ಯಾರ ಕೈಗೂ ಕೊಡಲಿಲ್ಲ ನೋಡು. ಬಂಕಾಪುರದ ಮೆಹಬೂಬ "ಅವ್ವಾರ, ನಂದೂ ಒಂದ ಪೀಂ ಅನಸ್ರಿ" ಎಂದು ಪಾಕೀಟು ಹಿಡಿದು ನಿಂತಿದ್ದ. ಸಂಜೆಯವರೆಗೆ ಬಿಲ್ಲು ಮಾಡಿದ್ದೆಲ್ಲ ಅವಳೇ.

ನಿನ್ನ ತಂದೆತಾಯಿಗೆ ನನ್ನ ಶರಣು ತಿಳಿಸು. ನನ್ನ ಮೂಗಿನವಳಿಗೆ ಮುದ್ದು.

ನಿನ್ನ ಮಾವ,
ಕುಬೇರಪ್ಪ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಮುಖ್ಯದ್ದನ್ನೇ ಮರೆತಿದ್ದೆ. ಇವತ್ತು ಬೆಳಿಗ್ಗೆ ಅಂಗಡಿಗೆ ಬಂದರೆ ಕಂಪ್ಯೂಟರಿನ ಪಕ್ಕದ ತೊಲೆಗೆ ತೊಟ್ಟಿಲು ತೂಗುತ್ತಿದೆ! ಕಟ್ಟಿದ್ದು ನಾನಲ್ಲ, ನಿನ್ನ ಗಂಡನೂ ಅಲ್ಲ. ಇದೇನೆಂದು ಕೇಳಿದ್ದಕ್ಕೆ ನಿನ್ನ ಅತ್ತೆ ಅಂದಳು: "ಪೆನ್ನಿಗೆ ಒಂದ ಕೈ ಸಾಕಲ್ರಿ. ಇನ್ನೊಂದ ಕೈಲೆ ಆಕಿ ತೊಟ್ಟಲಾ ತೂಗ್ತಾಳ."