ಚುಕ್ಕಿಗೆರೆಯ ದಾರಿ

೧೨ ಜನವರಿ ೨೦೨೫

ಮುನಿದು ತವರಲ್ಲಿ ಕೂತ ಮಂಗಳಾಗೆ,

ಫೋನ್ ಮಾಡಿದರೆ ಕಟ್ ಮಾಡುತ್ತೀಯ. ಕಾಗದವನ್ನೂ ಹರಿಯಬಹುದು. ಹರಿಯುವ ಮೊದಲು ಒಂದು ಸಾಲಾದರೂ ಕಣ್ಣಿಗೆ ಬಿದ್ದೀತು ಎಂಬ ಆಸೆ.

ಮದುವೆಯಾದ ಹೊಸದರಲ್ಲಿ ನೀನು ಜ್ವರದಿಂದ ಮಲಗಿದ್ದಾಗ, ಕದರಮ್ಮತ್ತೆ ಕಂಕುಳಲ್ಲಿ ಕೋಳಿ ಹಿಡಿದು ಗುಡ್ಡ ಹತ್ತಿಳಿದು ನಮ್ಮೂರಿಗೆ ಬಂದಿದ್ದರು ಎಂದು ಅವತ್ತು ಮನೆಗೆ ಬಂದ ನೆಂಟರಿಗೆ ನೀನು ಹೇಳಿದೆ. ನಾನು, "ಆ ಗುಡ್ಡದಾಗೆ ಕೋತಿಗೂ ದಾರಿ ಇಲ್ಲ ಕಣೆ, ನಿಮ್ಮವ್ವ ಬಸ್ಸಲ್ಲಿ ಬಂದು ಕತೆ ಕಟ್ಟವ್ಳೆ" ಎಂದೆ. ಎಲ್ಲರೂ ನಕ್ಕರು. "ಸತ್ತೋದ ನಮ್ಮವ್ವನ್ನ ಸುಳ್ಳಿ ಮಾಡ್ಬುಟ್ಟೆ ಕಣಯ್ಯ" ಎಂದು ನೀನು ಬ್ಯಾಗು ತೆಗೆದುಕೊಂಡೆ.

ಆಮೇಲೆ ಶಿರಾದ ರದ್ದಿ ಅಂಗಡಿಯಲ್ಲಿ ನಮ್ಮ ಕಣಿವೆಯ ಹಳೇ ಸರ್ವೆ ನಕ್ಷೆ ಸಿಕ್ಕಿತು. ಈರುಳ್ಳಿ ಹೆಚ್ಚಿದಂತೆ ಸುತ್ತುಸುತ್ತು ಕಂದು ಗೆರೆ, ಅದೇ ನಮ್ಮ ಗುಡ್ಡ. ಅದರ ನಡುವಿನ ತಗ್ಗಿನಲ್ಲಿ ನಿಮ್ಮೂರಿನಿಂದ ನಮ್ಮೂರಿಗೆ ಒಂದು ಚುಕ್ಕಿಗೆರೆ. ಕೆಳಗೆ ಅದರ ಅರ್ಥ ಕೊಟ್ಟಿತ್ತು: ಕಾಲುದಾರಿ. ಕೈಗೆ ಸಿಕ್ಕಿತು ನಕ್ಷೆ, ಬಾಯಿಗಾಯಿತು ಶಿಕ್ಷೆ. ನನ್ನ ಪ್ರಾಸ ನಿನಗಾಗದು, ಗೊತ್ತು.

ಇವತ್ತು ಬೆಳಿಗ್ಗೆ ಗುಡ್ಡ ಹತ್ತಿದೆ. ಲಂಟಾನದ ಮುಳ್ಳುಪೊದೆ ಅಂಗಿ ಹರಿಯಿತು. ಆದರೂ ಬಂಡೆಯ ಮೇಲೆ ಕಾಲು ಸವೆಸಿದ ಜಾಡು ಇದೆ ಮಂಗಳಾ. ಈಗ ನೆತ್ತಿಯ ತಗ್ಗಿನಲ್ಲಿ ಕೂತು ಬರೆಯುತ್ತಿದ್ದೇನೆ. ಹಾದುಹೋದವರು ಒಂದೊಂದು ಕಲ್ಲಿಟ್ಟು ಬೆಳೆಸಿದ ಗುಡ್ಡೆ ಇಲ್ಲಿದೆ. ಅತ್ತೆಯ ಕಲ್ಲು ಯಾವುದೋ ತಿಳಿಯಲಿಲ್ಲ. ಎಲ್ಲಕ್ಕೂ ಕೈಮುಗಿದು ನನ್ನದೊಂದು ಇಟ್ಟೆ. ನನಗೆ ಬರಿಗೈಯಲ್ಲೇ ಏದುಸಿರು, ಅವರು ಕೋಳಿ ಹಿಡಿದು ಹೇಗೆ ಹತ್ತಿದರೋ! ಆ ಕೋಳಿಯ ಸಾರನ್ನು ನಾನೂ ಎರಡು ಸಲ ಹಾಕಿಸಿಕೊಂಡು ಉಂಡಿದ್ದೆ. ನೆಂಟರಿಗೆ ಅದನ್ನು ಹೇಳಲಿಲ್ಲ.

ಈ ಕಡೆ ನಮ್ಮ ಕಡಲೆಕಾಯಿ ಕಿತ್ತ ಹೊಲ, ಆ ಕಡೆ ನಿಮ್ಮೂರ ಕೆರೆ. ನಕ್ಷೆಯಲ್ಲಿ ಪೂರ್ತಿ ನೀಲಿ, ಈಗ ಅರ್ಧ ಜಾಲಿ. ನಿನ್ನಣ್ಣ ಪಾಲಪ್ಪನ ಅಂಗಳದಲ್ಲಿ ಹಸಿರು ಸೀರೆ ಒಣಗುತ್ತಿದೆ. ನಿನ್ನದೇ ಇರಬೇಕು. ಇಳಿದು ಮುಖ ತೋರಿಸುವ ಧೈರ್ಯವಿಲ್ಲ, ವಾಪಸು ಹೋಗಿ ಅಂಚೆಗೆ ಹಾಕುತ್ತೇನೆ. ಅದೇ ನೆಂಟರನ್ನು ಕರೆದು, ನಕ್ಷೆ ಹರವಿ, ಅತ್ತೆ ನಡೆದೇ ಬಂದಿದ್ದರು ಎಂದು ನನ್ನ ಬಾಯಲ್ಲೇ ಹೇಳುತ್ತೇನೆ. ಅಲ್ಲಿ ನೀನಿರಬೇಕು.

ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿರುವ,
ನಿನ್ನ ಓಬಳರಾಜು

ತಾ.ಕ.: ಇದನ್ನು ತಂದುಕೊಟ್ಟ ಬೈಲಪ್ಪ ಅಂಚೆಯವರಲ್ಲ, ನಿಮ್ಮೂರ ಕೆರೆ ಏರಿ ಮೇಲೆ ಆಡು ಮೇಯಿಸುತ್ತಿದ್ದವರು. "ಏನ್ ಅಳಿಯಾ, ಬಸ್ಸು ನಿಂತೋಯ್ತಾ?" ಎಂದು ನಕ್ಕರು. ಕಾಲು ತಾವಾಗಿ ಈ ಕಡೆಗೇ ಇಳಿದುಬಿಟ್ಟವು. ಏರಿಯ ಬೇವಿನ ಮರದಡಿ ಕೂತಿದ್ದೇನೆ, ಚಪ್ಪಲಿ ಕಿತ್ತುಹೋಗಿದೆ. ನಿನ್ನಣ್ಣನ ಹಳೇ ಜೊತೆ ಕಳಿಸು. ನಿನ್ನದನ್ನೂ ಮೆಟ್ಟಿಕೊಂಡು ನೀನೇ ತಂದರೆ, ಮನೆಗೆ ಹೋಗುವಾಗ ಆ ಕಲ್ಲುಗುಡ್ಡೆಯ ಮೇಲೆ ನೀನೂ ಒಂದು ಕಲ್ಲಿಡಬಹುದು.